ಜಾಗವೇ ದಾಖಲೆ: ಬೆಟ್ಟದ ಸೀಮೆಯ ಕಲ್ಲುಗೋರಿಗಳು

(ಅಕ್ಕೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಮ್ಮ ಸೀಮೆಯ ಚರಿತ್ರೆ ಹೇಳಹೊರಟವರು ಸಾಮಾನ್ಯವಾಗಿ ಗಂಗರಿಂದ ಶುರುಮಾಡುತ್ತಾರೆ. ಚೋಳರು, ಹೊಯ್ಸಳರು ಬಂದುಹೋಗುತ್ತಾರೆ. ಚನ್ನಪಟ್ಟಣದಲ್ಲಿ ಜಗದೇವರಾಯ, ಮಾಗಡಿಯಲ್ಲಿ ಕೆಂಪೇಗೌಡರ ವಂಶ, ಆಮೇಲೆ ಹೈದರ್ ಮತ್ತು ಟಿಪ್ಪು, ಕಡೆಗೆ ರಾಮನಗರವನ್ನು ಕೆಲಕಾಲ ಕ್ಲೋಸ್‌ಪೇಟೆ ಎಂದು ಕರೆಸಿದ ಬ್ಯಾರಿ ಕ್ಲೋಸ್. ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಗಂಗರು ಈ ನಾಡಿಗೆ ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಇದೇ ನೆಲದಲ್ಲಿ ಬಂಡೆ ಎಬ್ಬಿಸಿ, ಚಪ್ಪಡಿ ನಿಲ್ಲಿಸಿ, ಸತ್ತವರಿಗೆ ಕಲ್ಲಿನ ಮನೆ ಕಟ್ಟಿದ ಜನ ಬಾಳಿದ್ದರು. ಅವರ ರಾಜರು ಯಾರೋ, ದೇವರು ಯಾವುದೋ, ಆಡಿದ ನುಡಿ ಯಾವುದೋ, ಬರೆದಿಟ್ಟ ಒಂದಕ್ಷರವೂ ಇಲ್ಲ. ಉಳಿದಿರುವುದು ಅವರು ಸಾಲಾಗಿ, ಸುತ್ತಾಗಿ ಇಟ್ಟ ಕಲ್ಲುಗಳು. ಆ ಕಲ್ಲುಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಇಂಥ ಸ್ಮಾರಕದಲ್ಲಿ ಬೆಲೆಯಿರುವುದು ಕಲ್ಲು ಇರುವ ಜಾಗಕ್ಕೆ. ಗುಡಿಯ ವಿಗ್ರಹವನ್ನು ಸಂಗ್ರಹಾಲಯಕ್ಕೆ ಸಾಗಿಸಿದರೂ ಅದು ವಿಗ್ರಹವಾಗಿಯೇ ಉಳಿಯುತ್ತದೆ. ಕಲ್ಲುವೃತ್ತದ ಒಂದು ಬಂಡೆಯನ್ನು ಹತ್ತು ಮಾರು ಉರುಳಿಸಿದರೆ ಅದು ಬರಿಯ ಬಂಡೆ. ಜಮೀನಿನ ಬಾಂದು ಕಲ್ಲಿನ ಹಾಗೆ: ಅರ್ಧ ಅಡಿ ಸರಿಸಿದರೆ ಕಲ್ಲಿಗೇನೂ ಆಗುವುದಿಲ್ಲ, ಅದು ಹೇಳುತ್ತಿದ್ದ ಸತ್ಯ ಹೋಗುತ್ತದೆ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಾವನದುರ್ಗದ ದಾಖಲೆ

ರಾಮನಗರ ಸೀಮೆಯ ನಮ್ಮ ಜಿಲ್ಲೆಯಲ್ಲಿ ಈ ಬಗೆಯ ನೆಲೆಯ ಬಗ್ಗೆ ಮೊದಮೊದಲು ಬಂದ ವಿವರವಾದ ಬರಹ ಸಾವನದುರ್ಗದ್ದು. 1881ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಬ್ರ್ಯಾನ್‌ಫಿಲ್ ಎಂಬ ಅಧಿಕಾರಿ ಸಾವನದುರ್ಗದ ಒರಟುಗಲ್ಲಿನ ಸ್ಮಶಾನದ ಮೇಲೆ ಲೇಖನ ಪ್ರಕಟಿಸಿದರು. ನಮ್ಮ ಜನ ಸಾವನದುರ್ಗಕ್ಕೆ ಹೋಗುವುದು ವೀರಭದ್ರಸ್ವಾಮಿ, ನರಸಿಂಹಸ್ವಾಮಿಗಳ ದರ್ಶನಕ್ಕೆ, ಇಲ್ಲವೇ ಬಂಡೆ ಹತ್ತುವುದಕ್ಕೆ. ಕೋಟೆಯ ಕಥೆ ಬಲ್ಲವರು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ಹಿಡಿದದ್ದನ್ನು ನೆನೆಯುತ್ತಾರೆ. ಅದೇ ಬೆಟ್ಟದ ಆಶ್ರಯದಲ್ಲಿ, ಕೋಟೆಗಿಂತ ಎಷ್ಟೋ ಶತಮಾನ ಹಳೆಯದಾದ ಸಾಮೂಹಿಕ ಸ್ಮಶಾನವಿದೆ ಎಂಬುದು ನೂರನಲವತ್ತು ವರ್ಷದ ಹಿಂದೆಯೇ ಅಚ್ಚಾದ ಸಂಗತಿ.

ವಿದ್ವಾಂಸರು ಇದನ್ನು ಬೃಹತ್ ಶಿಲಾ ಸಂಸ್ಕೃತಿ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಇದರ ಕಾಲ ಸ್ಥೂಲವಾಗಿ ಕ್ರಿ.ಪೂ. 1200ರ ಆಸುಪಾಸಿನಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ. ಹಳ್ಳಿಗಳಲ್ಲಿ ಪಾಂಡವರ ಗುಡಿ ಎನ್ನುತ್ತಾರೆ, ಕೆಲವೆಡೆ ಮೋರಿಯರ ಮನೆ ಎನ್ನುತ್ತಾರೆ. ಇಷ್ಟು ದೊಡ್ಡ ಚಪ್ಪಡಿಯನ್ನು ಸಾಮಾನ್ಯ ಮನುಷ್ಯರು ಎತ್ತಿರಲಾರರು ಎಂಬ ಬೆರಗು ಆ ಹೆಸರುಗಳ ಹಿಂದಿದೆ. ಎತ್ತಿದವರು ನಮ್ಮಂಥ ಮನುಷ್ಯರೇ. ಹೇಗೆ ಎತ್ತಿದರು ಎಂಬುದಕ್ಕೆ ಉತ್ತರ ಬಂಡೆಯಲ್ಲೇ ಇದೆ.

ಬಂಡೆ ಕೊಟ್ಟ ಚಪ್ಪಡಿ

ರಾಮನಗರದ ಬೆಟ್ಟಗಳನ್ನು ‘ಶೋಲೆ’ ಸಿನಿಮಾ ದೇಶಕ್ಕೆಲ್ಲ ತೋರಿಸಿತು. ಭೂವಿಜ್ಞಾನಿಗಳಿಗೆ ಅವು ಬೇರೆ ಕಾರಣಕ್ಕೆ ಪ್ರಸಿದ್ಧ. ಇಲ್ಲಿನ ಶಿಲೆಯನ್ನು ಅವರು ಊರಿನ ಹಳೆಯ ಹೆಸರಿನಿಂದಲೇ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಕರೆದರು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆ ಕನಕಪುರದ ಕಡೆಯಿಂದ ಬಳ್ಳಾರಿ ಸೀಮೆಯತ್ತ ತೆಳುವಾದ ಪಟ್ಟಿಯಾಗಿ ನೂರಾರು ಕಿಲೋಮೀಟರ್ ಹಬ್ಬಿದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗ ಇದೇ ಪಟ್ಟಿಯಲ್ಲಿ ತಲೆಯೆತ್ತಿ ನಿಂತ ಬೆಟ್ಟ.

ಭೂಮಿಯ ಆಳದಲ್ಲಿ ಹೆಪ್ಪುಗಟ್ಟಿದ ಈ ಶಿಲೆಯ ಮೇಲಿನ ಹೊರೆ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಾಗ ಬಂಡೆ ಮೇಲ್ಮುಖವಾಗಿ ಸಡಿಲಗೊಂಡು, ಮೇಲ್ಮೈಗೆ ಸಮಾನಾಂತರವಾಗಿ ಪದರಪದರವಾಗಿ ಸೀಳುತ್ತದೆ. ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವುದರಿಂದ ಆ ಸೀಳು ಇನ್ನಷ್ಟು ಬಿಡುತ್ತದೆ. ಕಲ್ಲುಕುಟಿಗರು ಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಪದರ ಎಲ್ಲಿ ಬಿಟ್ಟಿದೆ ಎಂದು ಹೇಳುತ್ತಾರಲ್ಲ, ಆ ಸದ್ದಿನ ಕಾರಣ ಇದು. ಸೌದೆ ಹರಡಿ ಬೆಂಕಿ ಹಾಕಿ ಕಾಯಿಸಿದರೆ ಪದರ ಮೇಲೇಳುತ್ತದೆ. ಬೆಣೆ ಹೊಡೆದರೆ ಬೇಕಾದ ಅಳತೆಗೆ ಸೀಳುತ್ತದೆ. ಸನ್ನೆಕೋಲು, ಉರುಳುಮರ, ಹಗ್ಗ, ಇಳಿಜಾರು, ಮತ್ತು ಒಟ್ಟಾಗಿ ಎಳೆಯುವ ಐವತ್ತು ಅರವತ್ತು ಜನ ಇದ್ದರೆ ಚಪ್ಪಡಿ ಜಾಗಕ್ಕೆ ಬರುತ್ತದೆ. ಪಾಂಡವರು ಬೇಕಾಗಿಲ್ಲ.

ಅಂದರೆ ಈ ಗೋರಿಗಳು ಎಲ್ಲೆಂದರಲ್ಲಿ ಹುಟ್ಟಿದವಲ್ಲ. ಚಪ್ಪಡಿ ಏಳುವ ಬಂಡೆ ಹತ್ತಿರವಿರಬೇಕು, ನೇಗಿಲು ಹೂಡಲಾಗದ ಗರಸು ನೆಲ ಇರಬೇಕು, ಹೆಚ್ಚು ದೂರವಿಲ್ಲದೆ ನೀರಿರಬೇಕು. ಬೆಟ್ಟದ ಬುಡ, ಕೆರೆಯ ಮೇಲ್ಭಾಗದ ದಿಣ್ಣೆ, ಗೋಮಾಳದ ಅಂಚು: ಇಂಥ ಕಡೆ ಅವು ಹೆಚ್ಚು. ನಮ್ಮ ತಾಲ್ಲೂಕುಗಳ ನೆಲವೇ ಅಂಥದ್ದು.

ಗೋರಿಯ ಒಳಗೆ

ಕಟ್ಟುವ ಕ್ರಮ ಹೀಗಿತ್ತು. ಮೊದಲು ಗುಂಡಿ ತೋಡಿ ತಳಕ್ಕೆ ಒಂದು ಹಾಸುಗಲ್ಲು ಹಾಕುತ್ತಿದ್ದರು. ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸುತ್ತಿದ್ದರು. ಒಂದರ ತುದಿ ಇನ್ನೊಂದಕ್ಕೆ ಆತು ನಿಲ್ಲುವ ಹಾಗೆ ಸ್ವಸ್ತಿಕದ ವಿನ್ಯಾಸದಲ್ಲಿ ಜೋಡಿಸಿದರೆ ಹೊರಗಿನ ಮಣ್ಣಿನ ಒತ್ತಡಕ್ಕೆ ಯಾವುದೂ ಒಳಕ್ಕೆ ಬೀಳುವುದಿಲ್ಲ. ಎಷ್ಟೋ ಗೋರಿಗಳಲ್ಲಿ ಒಂದು ಚಪ್ಪಡಿಗೆ, ಹೆಚ್ಚಾಗಿ ಪೂರ್ವದ್ದಕ್ಕೆ, ದುಂಡನೆಯ ಕಂಡಿ ಕೊರೆದಿರುತ್ತದೆ. ಒಳಗೆ ಮಡಕೆ ಕುಡಿಕೆ, ಕಬ್ಬಿಣದ ಹತಾರ, ಕೆಲವೊಮ್ಮೆ ಕೆಂಪುಹರಳಿನ ಮಣಿ, ಮತ್ತು ಮೂಳೆ. ಅನೇಕ ಕಡೆ ಪೂರ್ತಿ ಶವವನ್ನು ಇಡುತ್ತಿರಲಿಲ್ಲ. ಬೇರೆಡೆ ಕರಗಲು ಬಿಟ್ಟು, ಆಮೇಲೆ ಆರಿಸಿ ತಂದ ಮೂಳೆಗಳನ್ನು ಇಡುತ್ತಿದ್ದರು. ಮೇಲೊಂದು ಮುಚ್ಚುಗಲ್ಲು, ಅದರ ಮೇಲೆ ಕಲ್ಲುಗುಪ್ಪೆ, ಎಲ್ಲದರ ಸುತ್ತ ದುಂಡುಬಂಡೆಗಳ ಬಳೆ. ಈಗ ನಮ್ಮ ಕಣ್ಣಿಗೆ ಬೀಳುವುದು ಕಡೆಯ ಬಳೆ ಮಾತ್ರ.

ಇಷ್ಟನ್ನು ನಾವು ತಿಳಿದದ್ದು ಕ್ರಮಬದ್ಧ ಉತ್ಖನನಗಳಿಂದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅವರು ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಗೆ ಬಂದರು. ವೀಲರ್ ಅವರಿಗೆ ಬೇಕಾಗಿದ್ದದ್ದು ಕಾಲಮಾನ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸಾಮಾನುಗಳ ಜೊತೆಯಲ್ಲಿ ಸಿಕ್ಕಿದ್ದ ಒಂದು ಬಗೆಯ ಮಡಕೆಯ ಕಾಲ ಗೊತ್ತಿತ್ತು. ಅದೇ ಬಗೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಾಣಿಸಿತು. ಅದರ ಕೆಳಗಿನ ಪದರದಲ್ಲಿ ಗೋರಿ ಕಟ್ಟಿದವರ ಕಪ್ಪು-ಕೆಂಪು ಮಡಕೆ ಇತ್ತು. ಯಾವುದರ ಮೇಲೆ ಯಾವುದು ಇತ್ತು ಎಂಬ ಒಂದೇ ಆಧಾರದಿಂದ ಅವರು ಈ ಜನರಿಗೆ ಕಾಲ ಗೊತ್ತುಮಾಡಿದರು. ಆಮೇಲೆ ಹಳ್ಳೂರು ಎಂಬ ಇನ್ನೊಂದು ನೆಲೆಯ ಉತ್ಖನನದಲ್ಲಿ ಸಿಕ್ಕ ಇದ್ದಿಲಿನ ಕಾಲನಿರ್ಣಯ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದಿತು. ವೀಲರ್ ಹೇಳಿದ್ದಕ್ಕಿಂತ ಅದು ಬಹಳ ಹಿಂದೆ. ತೀರ್ಪು ಬದಲಾಯಿತು. ಬದಲಿಸಲು ಸಾಧ್ಯವಾದದ್ದು ಪದರಗಳನ್ನು ಅವರು ಅಳತೆ ಸಹಿತ ಬರೆದಿಟ್ಟಿದ್ದರಿಂದ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. 1957ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅಲ್ಲಿ ಗೋರಿಗಳನ್ನು ಅಗೆದು ವರದಿ ಪ್ರಕಟಿಸಿದರು. ಮುಂದೆ ಬಿ.ಕೆ. ಗುರುರಾಜರಾವ್ ಅವರು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಬಗ್ಗೆ, ಅ. ಸುಂದರ ಅವರು ಕಲ್ಲುಕೋಣೆಯ ಗೋರಿಗಳ ಬಗ್ಗೆ ಬರೆದ ಗ್ರಂಥಗಳು 1970ರ ದಶಕದಲ್ಲಿ ಬಂದವು. ಕನ್ನಡ ನಾಡಿನ ವಿದ್ವಾಂಸರು ಈ ವಿಷಯದಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ.

ಸಾಲು ಹೇಳುವ ಸಂಗತಿ

ಗೋರಿಯಾದರೆ ಒಳಗೆ ಮಡಕೆಯಾದರೂ ಸಿಗುತ್ತದೆ. ಬರಿಯ ಕಲ್ಲುಸಾಲಿನಲ್ಲಿ ಅದೂ ಇಲ್ಲ. ಯಾದಗಿರಿ ಜಿಲ್ಲೆಯ ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ನೂರಾರು ದುಂಡುಬಂಡೆಗಳನ್ನು ಸಮದೂರ ಬಿಟ್ಟು ಸಾಲುಸಾಲಾಗಿ ಇಟ್ಟಿದ್ದಾರೆ. ಬಂಡೆಗಳು ಕೆತ್ತಿದವಲ್ಲ, ನಯ ಮಾಡಿದವಲ್ಲ. ಒಂದೊಂದನ್ನೇ ನೋಡಿದರೆ ಹೊಲದ ಕಲ್ಲಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಮನುಷ್ಯರ ಕೈ ಕಾಣುವುದು ಒಂದು ಕಲ್ಲಿಗೂ ಮತ್ತೊಂದು ಕಲ್ಲಿಗೂ ನಡುವೆ ಬಿಟ್ಟ ತೆರಪಿನಲ್ಲಿ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಆ ಸೀಮೆಯ ಕಲ್ಲುಗಳನ್ನು ಕುರಿತು ಬರೆದರು. 1956ರಲ್ಲಿ ಎಫ್.ಆರ್. ಆಲ್ಚಿನ್ ದಕ್ಷಿಣ ಹೈದರಾಬಾದ್ ಪ್ರಾಂತ್ಯದ ಕಲ್ಲುಸಾಲುಗಳ ಬಗ್ಗೆಯೇ ಪ್ರತ್ಯೇಕ ಲೇಖನ ಪ್ರಕಟಿಸಿದರು. ವಿಭೂತಿಹಳ್ಳಿ ಈಗ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ನೆಲೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ಕಡೆಯ ಬೈಸೆ, ನಿಲಸ್ಕಲ್ ಎಂಬ ಊರುಗಳಲ್ಲಿ ನಿಲುಸುಗಲ್ಲುಗಳಿವೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಅವರ ಸಂಗಡಿಗರು ಅವುಗಳ ಸ್ಥಾನಗಳನ್ನು ಅಳೆದು, ಕೆಲವು ಜೋಡಿಗಲ್ಲುಗಳನ್ನು ಸೇರಿಸುವ ಗೆರೆ ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ದಿನಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತದೆ ಎಂದು ವಾದಿಸಿದ್ದಾರೆ. ಈ ವಾದವನ್ನು ಒಪ್ಪಬಹುದು, ಬಿಡಬಹುದು. ಆದರೆ ಒಪ್ಪುವುದಕ್ಕೂ ಬಿಡುವುದಕ್ಕೂ ಕಲ್ಲುಗಳು ಇಟ್ಟಲ್ಲೇ ಇರಬೇಕು. ಬೇಲಿಗೆ, ಕಟ್ಟೆಗೆ, ತಳಪಾಯಕ್ಕೆ ನಾಲ್ಕು ಕಲ್ಲು ಹೋಗಿದ್ದರೆ ಚರ್ಚೆಯೇ ಹುಟ್ಟುವುದಿಲ್ಲ.

ಈ ಬಗೆಯ ನೆಲೆಗಳಲ್ಲಿ ದೊಡ್ಡ ಹೆಸರು ಪಡೆದದ್ದು ಕೊಪ್ಪಳ ಜಿಲ್ಲೆ ಗಂಗಾವತಿ ಬಳಿಯ ಹಿರೇಬೆಣಕಲ್. ಬೆಟ್ಟದ ಮೇಲೆ ಸುಮಾರು 400 ರಚನೆಗಳು ಒಂದೇ ಕಡೆ ಇವೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ದಾರಿ ದುರ್ಗಮವಾಗಿದ್ದದ್ದು ಅದಕ್ಕೆ ದೊಡ್ಡ ಕಾವಲಾಯಿತು. ಬೆಂಗಳೂರಿನ ಮಗ್ಗುಲಿನಲ್ಲಿರುವ ನಮ್ಮ ಜಿಲ್ಲೆಗೆ ಆ ಅನುಕೂಲ ಇಲ್ಲ.

ಅಕ್ಷರವಿದ್ದ ಕಲ್ಲು, ಅಕ್ಷರವಿಲ್ಲದ ಕಲ್ಲು

ನಮ್ಮ ಹಿರಿಯರು ಕಲ್ಲಿನ ದಾಖಲೆ ಮಾಡಿಲ್ಲವೆಂದಲ್ಲ. ಮೈಸೂರು ಸಂಸ್ಥಾನದಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಹುಟ್ಟಿತು. ಬಿ.ಎಲ್. ರೈಸ್ ಅವರ ಮುಂದಾಳ್ತನದಲ್ಲಿ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ ಆಗಿನ ಬೆಂಗಳೂರು ಜಿಲ್ಲೆಯದು, 1905ರದ್ದು. ಚನ್ನಪಟ್ಟಣ, ಮಾಗಡಿ, ಕನಕಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಯಾವ ಊರು, ಊರಿನ ಯಾವ ಮೂಲೆ, ಯಾರ ಹೊಲ, ಯಾವ ಗುಡಿಯ ಮುಂದೆ ಎಂದು ಗುರುತಿಸಿ ಒಂದೊಂದು ಕಲ್ಲಿಗೂ ಸಂಖ್ಯೆ ಕೊಟ್ಟಿದ್ದಾರೆ. ಶಾಸನ ಆಮೇಲೆ ಒಡೆದುಹೋಗಿದ್ದರೂ ಅದರ ಪಾಠ ಉಳಿದಿದೆ, ಇದ್ದ ಜಾಗ ಗೊತ್ತಿದೆ.

ಅಕ್ಷರವಿಲ್ಲದ ಕಲ್ಲಿಗೆ ಈ ಭಾಗ್ಯ ದೊರೆಯಲಿಲ್ಲ. ಓದಲು ಏನೂ ಇಲ್ಲವೆಂದು ಊರೂರು ತಿರುಗಿದ ವಿದ್ವಾಂಸರೂ ಅದನ್ನು ದಾಟಿಕೊಂಡು ಹೋದರು. ಶಾಸನದಲ್ಲಿ ಮಾಹಿತಿ ಕಲ್ಲಿನ ಮೈಮೇಲಿರುತ್ತದೆ. ಪ್ರತಿ ತೆಗೆದುಕೊಂಡರೆ ಕಲ್ಲು ಹೋದರೂ ಅರ್ಧ ಉಳಿಯಿತು. ಕಲ್ಲುವೃತ್ತದಲ್ಲಿ ಮಾಹಿತಿ ಕಲ್ಲುಗಳ ನಡುವಿನ ದೂರದಲ್ಲಿ, ದಿಕ್ಕಿನಲ್ಲಿ, ಮಣ್ಣಿನ ಪದರದಲ್ಲಿ ಇರುತ್ತದೆ. ಅದರ ಪ್ರತಿ ಎಂದರೆ ನಕಾಶೆ. ನಕಾಶೆಯಿಲ್ಲದೆ ಅಳಿದ ವೃತ್ತ ಪೂರ್ತಿ ಅಳಿದಂತೆ.

ಕಾನೂನಿನ ಕೈಗೆ ಎಟುಕುವುದೆಷ್ಟು

ಇಂಗ್ಲೆಂಡಿನಲ್ಲಿ ಸ್ಮಾರಕ ರಕ್ಷಣೆಯ ಮೊದಲ ಕಾಯಿದೆ ಬಂದದ್ದು 1882ರಲ್ಲಿ, ಬ್ರ್ಯಾನ್‌ಫಿಲ್ ಅವರ ಲೇಖನ ಪ್ರಕಟವಾದ ಮರುವರ್ಷ. ಗಮನಿಸಬೇಕಾದ ಮಾತೆಂದರೆ, ಆ ಕಾಯಿದೆ ಮೊದಲು ಪಟ್ಟಿಮಾಡಿದ್ದು ಅರಮನೆ, ಇಗರ್ಜಿಗಳನ್ನಲ್ಲ; ಸ್ಟೋನ್‌ಹೆಂಜ್‌ನಂಥ ಇತಿಹಾಸಪೂರ್ವದ ಕಲ್ಲು ನೆಲೆಗಳನ್ನು.  ಭಾರತದಲ್ಲಿ ಕರ್ಜನ್ ಕಾಲದ 1904ರ ಕಾಯಿದೆ, ಸ್ವಾತಂತ್ರ್ಯದ ನಂತರ 1958ರ ಕೇಂದ್ರ ಕಾಯಿದೆ, ನಮ್ಮ ರಾಜ್ಯದ್ದೇ ಆದ 1961ರ ಕಾಯಿದೆ ಬಂದವು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ನೆಲೆಯ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕ ಹಾಳುಮಾಡಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಾಗದದ ಮೇಲೆ ಇದು ಗಟ್ಟಿ. ಆದರೆ 100 ಮೀಟರನ್ನು ಎಲ್ಲಿಂದ ಅಳೆಯಬೇಕು? ಗುಡಿಗೆ ಗೋಡೆಯಿದೆ, ಕೋಟೆಗೆ ಕಂದಕವಿದೆ. ಎಕರೆಗಟ್ಟಲೆ ಚದುರಿದ ಕಲ್ಲುವೃತ್ತಗಳ ಗಡಿ ಯಾವುದು? ಯಾರೋ ಒಬ್ಬರು ಹೊಲಹೊಲ ನಡೆದು, ಅಳೆದು, ಸರ್ವೆ ನಂಬರಿಗೆ ಸೇರಿಸಿದರೆ ಮಾತ್ರ ಗಡಿ ಹುಟ್ಟುತ್ತದೆ. ಹಾಗೆ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರ್ಕಾರದ್ದೇ ಅಂಕಿಗಳಿವೆ. 2013ರಲ್ಲಿ ಮಹಾಲೇಖಪಾಲರ ತಂಡ ಇಲಾಖೆಯವರ ಜೊತೆ 1655 ಸಂರಕ್ಷಿತ ಸ್ಮಾರಕಗಳನ್ನು ಹುಡುಕಿಕೊಂಡು ಹೋದಾಗ 92 ಸಿಗಲಿಲ್ಲ. ಮತ್ತೆ ಹುಡುಕಿ ಕೆಲವನ್ನು ಪತ್ತೆಮಾಡಿದ ಮೇಲೂ ದೇಶದ 3693 ಕೇಂದ್ರ ಸ್ಮಾರಕಗಳಲ್ಲಿ 50 ಕಾಣೆಯಾಗಿವೆ ಎಂದು ಸಂಸದೀಯ ಸಮಿತಿಗೆ ತಿಳಿಸಲಾಯಿತು. ಆ ಸಮಿತಿಯ ವರದಿ 2023ರಲ್ಲಿ ಹೊರಬಂತು. 14ನ್ನು ಬೆಳೆದ ನಗರಗಳು ನುಂಗಿಹಾಕಿದವು, 12 ಅಣೆಕಟ್ಟೆಗಳ ನೀರಿನಲ್ಲಿ ಮುಳುಗಿದವು, ಉಳಿದ 24 ಎಲ್ಲಿವೆ ಎಂದೇ ಪತ್ತೆಯಿಲ್ಲ. 2024ರಲ್ಲಿ 18ನ್ನು ಪಟ್ಟಿಯಿಂದಲೇ ತೆಗೆಯುವ ತೀರ್ಮಾನವಾಯಿತು.

ನೀರಿನಲ್ಲಿ ಮುಳುಗಿದ್ದನ್ನು ಅರ್ಥಮಾಡಿಕೊಳ್ಳಬಹುದು. ಆ 24ರ ಸಂಗತಿಯನ್ನು ಯೋಚಿಸಿ. ದೇಶದ ಅತ್ಯುಚ್ಚ ರಕ್ಷಣೆ ಇದ್ದೂ, ಜಾಗ ಸರಿಯಾಗಿ ಬರೆದಿಡದ ಕಾರಣ ಹುಡುಕಹೋದವರು ಬರಿಗೈಲಿ ಬಂದರು. ಹಾಗಿರುವಾಗ ಯಾವ ಪಟ್ಟಿಗೂ ಸೇರದ ಹಳ್ಳಿಗಾಡಿನ ಕಲ್ಲುಗೋರಿಯ ಗತಿಯೇನು?

ನಿಧಿ, ಜಲ್ಲಿ, ಸೈಟು

ನಮ್ಮ ಕಡೆ ಈ ಕಲ್ಲುಗೋರಿಗಳಿಗೆ ಮೂರು ಶತ್ರುಗಳು. ಮೊದಲನೆಯದು ನಿಧಿಯ ಆಸೆ. ಅಮಾವಾಸ್ಯೆಯ ಇರುಳು ಪೂಜೆ ಮಾಡಿ ಮುಚ್ಚುಗಲ್ಲು ಎಬ್ಬಿಸುವವರಿಗೆ ಸಿಗುವುದು ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣ, ಮೂಳೆ. ಈ ಗೋರಿಗಳಲ್ಲಿ ಚಿನ್ನ ಸಿಕ್ಕಿದ್ದು ತೀರಾ ಅಪರೂಪ. ಸಿಕ್ಕಿದ್ದೇ ಆದರೂ ಅದು ಅಗೆದವರದಾಗುವುದಿಲ್ಲ, 1962ರ ಕರ್ನಾಟಕ ನಿಧಿ ಕಾಯಿದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು. ಸಿಟ್ಟಿನಿಂದ ಅವರು ಒಡೆದು ಚೆಲ್ಲುವ ಮಡಕೆಯೇ ನಿಜವಾದ ಸಂಪತ್ತು.

ಎರಡನೆಯದು ಕ್ವಾರಿ ಮತ್ತು ಕ್ರಷರ್. ಕಲ್ಲಿನ ಕೆಲಸ ಈ ಜಿಲ್ಲೆಯ ಸಾವಿರಾರು ಕುಟುಂಬಗಳ ಅನ್ನ. ಅದನ್ನು ನಿಲ್ಲಿಸಿ ಎನ್ನುವುದು ನನ್ನ ಮಾತಲ್ಲ. ಗೋರಿ ಕಟ್ಟಿದವರೂ ಕಲ್ಲು ಎಬ್ಬಿಸಿದವರೇ. ಆದರೆ ಬಂಡೆ ಸಿಡಿಸುವ ಮುನ್ನ ಮೇಲೇನಿದೆ ಎಂದು ಒಮ್ಮೆ ನೋಡಬೇಕು. ಆ ಕೆಲಸಕ್ಕೆ ಕಲ್ಲುಕುಟಿಗರಿಗಿಂತ ಒಳ್ಳೆಯ ಕಣ್ಣು ಇನ್ನಾರಿಗಿದೆ? ತಾನಾಗಿ ಬಿದ್ದ ಕಲ್ಲು ಯಾವುದು, ಎಬ್ಬಿಸಿ ತಂದು ನಿಲ್ಲಿಸಿದ್ದು ಯಾವುದು ಎಂದು ಅವರು ದೂರದಿಂದಲೇ ಹೇಳಬಲ್ಲರು.

ಮೂರನೆಯದು ಭೂಮಿಯ ಬೆಲೆ. ಬೆಂಗಳೂರು-ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಗರಸು ದಿಣ್ಣೆಯೂ ಬಡಾವಣೆಯಾಗಬಲ್ಲದು. ಬೇಸಾಯಕ್ಕೆ ಬಾರದು ಎಂಬ ಕಾರಣಕ್ಕೆ ಮೂರು ಸಾವಿರ ವರ್ಷ ಉಳಿದುಬಂದ ನೆಲ ಅದೇ ಕಾರಣಕ್ಕೆ ಈಗ ಮೊದಲು ಮಾರಾಟಕ್ಕೆ ಬರುತ್ತದೆ. ಜೆಸಿಬಿ ಒಂದು ಬೆಳಗ್ಗೆಯಲ್ಲಿ ಮಟ್ಟ ಮಾಡುವ ಜಾಗದಲ್ಲಿ ಹತ್ತಾರು ಗೋರಿಗಳಿರಬಹುದು.

ಪಂಚಾಯಿತಿಯ ಪುಸ್ತಕ

ಏನು ಮಾಡಬಹುದು? ಇಲಾಖೆ ಬಂದು ಬೇಲಿ ಹಾಕಲಿ ಎಂದು ಕಾಯುವುದು ಒಂದು ದಾರಿ. ಊರೂರಿಗೆ ಬೇಲಿ ಹಾಕುವಷ್ಟು ಜನ, ಹಣ ಯಾವ ಇಲಾಖೆಯಲ್ಲೂ ಇಲ್ಲ. ಬೇಲಿಗಿಂತ ಮೊದಲು ಬೇಕಾದದ್ದು ದಾಖಲೆ, ಅದನ್ನು ಊರಿನವರೇ ಮಾಡಬಹುದು.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಮಿತಿ ರಚಿಸಿ, ಊರಿನ ಗಿಡ, ಮರ, ಹಕ್ಕಿ, ತಳಿಗಳ ದಾಖಲಾತಿ ಪುಸ್ತಕ ಮಾಡುತ್ತಾರೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಹಕ್ಕಿ ಗೂಡು ಕಟ್ಟುವ ಬಂಡೆಗೆ ದಾಖಲೆ ಮಾಡಬಲ್ಲ ನಾವು ಮನುಷ್ಯರು ಗೋರಿ ಕಟ್ಟಿದ ಬಂಡೆಗೂ ಮಾಡಬಲ್ಲೆವು.

ಗುರುತು ಕಷ್ಟವಲ್ಲ. ಅರ್ಧ ಹೂತ ದುಂಡುಬಂಡೆಗಳು ಸಾಮಾನ್ಯವಾಗಿ ಐದಾರು ಮೀಟರಿನಿಂದ ಹತ್ತು ಮೀಟರ್ ಅಗಲದ ಸುತ್ತಾಗಿ ಇದ್ದರೆ, ನಡುವೆ ಕಲ್ಲುಗುಪ್ಪೆಯೋ ನೆಲದಿಂದ ಇಣುಕುವ ಚಪ್ಪಡಿಯ ಅಂಚೋ ಕಂಡರೆ, ಆಸುಪಾಸಿನಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪಾದ ಮಡಕೆ ಚೂರು ಬಿದ್ದಿದ್ದರೆ ಅನುಮಾನಕ್ಕೆ ಎಡೆ ಕಡಿಮೆ. ಆಗ ಅಗೆಯಬೇಡಿ, ಚೂರು ಆರಿಸಿ ಮನೆಗೆ ಒಯ್ಯಬೇಡಿ. ಅಡಿಪಟ್ಟಿಯನ್ನೋ ಸೌಟನ್ನೋ ಪಕ್ಕದಲ್ಲಿಟ್ಟು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಬರೆದುಕೊಳ್ಳಿ. ಎಷ್ಟು ಕಲ್ಲು, ಒಂದರಿಂದ ಒಂದಕ್ಕೆ ಎಷ್ಟು ಹೆಜ್ಜೆ, ಎಷ್ಟು ಬಿದ್ದಿವೆ, ಊರಿನ ಹಿರಿಯರು ಆ ಜಾಗವನ್ನು ಏನೆನ್ನುತ್ತಾರೆ, ಇಷ್ಟನ್ನು ಪಂಚಾಯಿತಿಯ ಪುಸ್ತಕದಲ್ಲಿ ಸೇರಿಸಿ. ಒಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ, ಇನ್ನೊಂದನ್ನು ತಹಸೀಲ್ದಾರರಿಗೆ ಕಳಿಸಿ. ಕ್ವಾರಿ ಗುತ್ತಿಗೆಗೋ ಭೂಪರಿವರ್ತನೆಗೋ ಅರ್ಜಿ ಬಂದ ದಿನ ಆ ಸರ್ವೆ ನಂಬರ್ ಪುಸ್ತಕದಲ್ಲಿದೆಯೇ ಎಂದು ನೋಡುವ ಒಂದು ಠರಾವು ಮಾಡಿಕೊಳ್ಳಿ.

ಹೊಲದ ನಡುವೆ ಗೋರಿಯಿರುವ ರೈತರಿಗೆ ಒಂದು ಮಾತು ಸೇರಿಸಬೇಕು. ದಾಖಲೆಯಾದರೆ ಜಮೀನು ಹೋಗುತ್ತದೆ ಎಂಬ ಭಯವೇ ಅನೇಕ ಕಡೆ ಕಲ್ಲುಗಳನ್ನು ರಾತ್ರೋರಾತ್ರಿ ಕಾಣೆ ಮಾಡಿಸಿದೆ. ಪಂಚಾಯಿತಿಯ ಪುಸ್ತಕದಲ್ಲಿ ಬರೆಯುವುದೆಂದರೆ ಸರ್ಕಾರದ ಸಂರಕ್ಷಿತ ಸ್ಮಾರಕವೆಂದು ಘೋಷಿಸಿದಂತಲ್ಲ. ಅದಕ್ಕೆ ಅಧಿಸೂಚನೆ, ಆಕ್ಷೇಪಣೆಯ ಅವಧಿ ಎಲ್ಲ ಬೇರೆಯೇ ಇವೆ. ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಇದನ್ನು ಊರಿನಲ್ಲಿ ಮೊದಲು ತಿಳಿಸಿ, ಆಮೇಲೆ ಅಳತೆಗೆ ಇಳಿಯಬೇಕು. ಹೆದರಿದ ಮನೆಯವರನ್ನು ಎದುರು ಹಾಕಿಕೊಂಡು ಯಾವ ಕಲ್ಲನ್ನೂ ಉಳಿಸಲಾಗದು.

ಶಾಲೆಯ ಮಕ್ಕಳು, ಕಲ್ಲಿನ ಕೆಲಸದವರು, ಕುರಿ ಮೇಯಿಸುವವರು, ಗ್ರಾಮ ಆಡಳಿತಾಧಿಕಾರಿಗಳು, ಈ ನಾಲ್ವರು ಒಟ್ಟಿಗೆ ಗೋಮಾಳಗಳಲ್ಲಿ ನಡೆದರೆ ಒಂದು ಹೋಬಳಿಯ ಪುಸ್ತಕ ಒಂದು ಬೇಸಿಗೆಯಲ್ಲಿ ಆಗುತ್ತದೆ. ರೈಸ್ ಅವರ ಕಾಲದಲ್ಲಿ ಶಾಸನಗಳಿಗೆ ಆದ ಕೆಲಸ ಅಕ್ಷರವಿಲ್ಲದ ಕಲ್ಲುಗಳಿಗೆ ಇನ್ನೂ ಬಾಕಿಯಿದೆ. ಅದನ್ನು ಅಕ್ಕೂರಿನವರು ಶುರುಮಾಡಿದರೆ ಜಿಲ್ಲೆಯ ಎಲ್ಲ ತಾಲ್ಲೂಕಿನವರು ಹಿಂಬಾಲಿಸುತ್ತಾರೆ ಎಂಬ ನಂಬಿಕೆ ನನಗಿದೆ. ಮುಂದಿನ ವರ್ಷದ ದತ್ತಿ ಉಪನ್ಯಾಸಕ್ಕೆ ಬರುವವರ ಕೈಗೆ ಹೂಮಾಲೆಯ ಜೊತೆಗೆ ಆ ಪುಸ್ತಕದ ಮೊದಲ ಪ್ರತಿಯನ್ನೂ ಕೊಡಿ ಎಂದು ಕೇಳಿಕೊಳ್ಳುತ್ತೇನೆ.